28 ವರ್ಷದ ಕಾಗದವೇ ಇಲ್ಲದ ಲಾಂಚಾ ಸ್ಪೈಡರ್ ಕೊಳ್ಳಬಹುದೇ?

ಪ್ರಶ್ನೆ: ಮ್ಯೂನಿಕ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: "ಬೊಲೊನ್ಯಾ ಹತ್ತಿರದ ಡೀಲರೊಬ್ಬರ ಬಳಿ 1955ರ ಲಾಂಚಾ ಔರೇಲಿಯಾ ಬಿ24ಎಸ್ ಸ್ಪೈಡರ್, ಅಂದರೆ ತೆರೆದ ಎರಡು ಸೀಟಿನ ಇಟಾಲಿಯನ್ ಸ್ಪೋರ್ಟ್ಸ್ ಕಾರು, ನೋಡಿ ಬಂದೆ. ಕಾರು ಅವರದ್ದಲ್ಲ, ಮಾಲೀಕರ ಪರವಾಗಿ ಮಾರುತ್ತಿದ್ದಾರೆ. ಫೈಲಿನಲ್ಲಿ ಇರುವುದು ಇಷ್ಟು: ಕಾರು ನ್ಯೂಯಾರ್ಕಿಗೆ ರವಾನೆಯಾಯಿತು ಎನ್ನುವ ಕಂಪನಿಯ ಸರ್ಟಿಫಿಕೇಟ್, 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾದ ಬಿಲ್ಲಿನ ಜೆರಾಕ್ಸ್, 1989ರ ಇಟಲಿಯ ನೋಂದಣಿ, ಅಲ್ಲಿಂದೀಚೆಗೆ ಮೂವರು ಮಾಲೀಕರ ಹೆಸರು, ಇಟಲಿಯ ಹಳೆಯ ವಾಹನಗಳ ಒಕ್ಕೂಟ ಕೊಡುವ ಒಂದು ಎಎಸ್‌ಐ ಸರ್ಟಿಫಿಕೇಟ್. 1961ರಿಂದ 1989ರವರೆಗೆ ಒಂದು ಚೂರು ಕಾಗದವೂ ಇಲ್ಲ. ಎಂಜಿನ್ ಅದೇ ಮಾದರಿಯದು, ಆದರೆ ನಂಬರ್ ಬೇರೆ. ಮೊದಲ ಒಡತಿ ಹಾಲಿವುಡ್ ನಟಿಯಂತೆ. ಪುರಾವೆ ಕೇಳಿದರೆ 'ಎಲ್ಲರಿಗೂ ಗೊತ್ತಿರುವ ವಿಷಯ' ಅನ್ನುತ್ತಾರೆ. ಮುಂಗಡ ಕೊಡಲು ಹತ್ತು ದಿನದ ಗಡುವು ಹಾಕಿದ್ದಾರೆ. ಈ 28 ವರ್ಷದ ಖಾಲಿ ಜಾಗ ಮುಂದೆ ನನಗೆ ಮುಳುವಾಗುತ್ತದೆಯೇ? ಎರಡೆರಡು ಸರ್ಟಿಫಿಕೇಟ್ ಇದ್ದರೂ ಸಾಲದೇ?"

ಉತ್ತರ: ನಿಮ್ಮ ಕಣ್ಣು ಆ 28 ವರ್ಷಗಳ ಮೇಲಿದೆ. ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದರ ಕೊನೆಯ ತುದಿ, ಅಂದರೆ 1989ರಲ್ಲಿ ಕಾರು ಇಟಲಿಯ ದಾಖಲೆಗೆ ಸೇರಿದ ಗಳಿಗೆ. ಅಂದು ಯಾರೋ ಒಬ್ಬರು ಒಂದು ವಿದೇಶಿ ಕಾಗದ ತೋರಿಸಿ ಇಟಲಿಯ ನಂಬರ್ ಪಡೆದಿದ್ದಾರೆ. ಆ ಕಾಗದ ನಿಮ್ಮ ಫೈಲಿನಲ್ಲಿಲ್ಲ. ಅದು ಸಿಕ್ಕರೆ ಹಿಂದಿನ ಖಾಲಿ ಜಾಗದ ಭಾರ ಅರ್ಧ ಇಳಿಯುತ್ತದೆ. ಸಿಗದಿದ್ದರೆ ಸರ್ಟಿಫಿಕೇಟ್‌ಗಳ ಕಟ್ಟೇ ಇದ್ದರೂ ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ಸೈಟು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾತೆ ಹೆಸರಿನಲ್ಲಿದ್ದ ಮಾತ್ರಕ್ಕೆ ಸೈಟು ನಮ್ಮದಾಗದು, ಕ್ರಯಪತ್ರ ಬೇಕು. ಕ್ರಯಪತ್ರ ಇದ್ದರೂ ಇಸಿ ತೆಗೆಸುತ್ತೇವೆ, ಮೂಲಪತ್ರ ಎಲ್ಲಿ ಅಂತ ಕೇಳುತ್ತೇವೆ. ಹಳೆಯ ಕಾರಿನ ಫೈಲಿನಲ್ಲೂ ಹೀಗೆ ಮೂರು ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ: ಇದು ನಿಜಕ್ಕೂ ಅದೇ ಕಾರೇ, ಮಾರುವವರಿಗೆ ಮಾರುವ ಹಕ್ಕಿದೆಯೇ, ಅದರ ಬಗ್ಗೆ ಹೇಳುವ ಕಥೆ ನಿಜವೇ. ನಿಮ್ಮ ಡೀಲರ್ ಮೊದಲನೆಯದಕ್ಕೆ ಕಾಗದ ತೋರಿಸಿ ಎರಡನೆಯದಕ್ಕೂ ಉತ್ತರಿಸಿದಂತೆ ಮಾಡಿದ್ದಾರೆ. ಮೂರನೆಯದನ್ನು ಬೆಲೆಗೆ ಸೇರಿಸಿದ್ದಾರೆ.

ಕಂಪನಿಯ ಸರ್ಟಿಫಿಕೇಟ್ ಜನನ ಪ್ರಮಾಣಪತ್ರ ಇದ್ದ ಹಾಗೆ. ಟ್ಯೂರಿನ್‌ನ ಹೆರಿಟೇಜ್ ವಿಭಾಗ ಹಳೆಯ ಉತ್ಪಾದನಾ ದಾಖಲೆ ನೋಡಿ, ಇಂಥ ಚಾಸಿ ನಂಬರಿನ ಕಾರು ಯಾವಾಗ ತಯಾರಾಯಿತು, ಯಾವ ಎಂಜಿನ್ ಕೂರಿಸಿದ್ದರು, ಯಾವ ಬಣ್ಣ, ಎಲ್ಲಿಗೆ ರವಾನೆಯಾಯಿತು ಎಂದು ಬರೆದುಕೊಡುತ್ತದೆ. ಈಗ ನಿಮ್ಮೆದುರು ನಿಂತಿರುವ ಲೋಹ ಆ ಕಾರೇ ಎನ್ನುವುದಾಗಲಿ, ಯಾರು ಯಾರಿಗೆ ಮಾರಿದರು ಎನ್ನುವುದಾಗಲಿ ಅದರಲ್ಲಿ ಇರುವುದಿಲ್ಲ. ಎಎಸ್‌ಐ ಎಂದರೆ 1966ರಿಂದ ಇರುವ ಇಟಲಿಯ ಐತಿಹಾಸಿಕ ವಾಹನಗಳ ಒಕ್ಕೂಟ. ಅದರ ಗುರುತಿನ ಪತ್ರ ಕಾರಿನ ಮಾದರಿ ಮತ್ತು ಸ್ಥಿತಿಗೆ ಸಂಬಂಧಿಸಿದ್ದು, ಒಡೆತನದ ಗೊಡವೆಗೆ ಹೋಗುವುದಿಲ್ಲ. ಎರಡೂ ಒಳ್ಳೆಯ ಕಾಗದಗಳೇ. ನೀವು ಕೇಳುತ್ತಿರುವ ಪ್ರಶ್ನೆಗೆ ಮಾತ್ರ ಎರಡೂ ಉತ್ತರವಲ್ಲ.

ಒಡೆತನದ ಸರಪಳಿ ಇರುವುದು ಪಿಆರ್‌ಎ ಎಂಬ ಸಾರ್ವಜನಿಕ ವಾಹನ ನೋಂದಣಿ ಕಚೇರಿಯಲ್ಲಿ. 1927ರಲ್ಲಿ ಸ್ಥಾಪನೆಯಾದ ಈ ದಾಖಲೆಯನ್ನು ಇಟಲಿಯ ಆಟೊಮೊಬೈಲ್ ಕ್ಲಬ್ ನಿರ್ವಹಿಸುತ್ತದೆ. ಅಲ್ಲಿಂದ ಎರಡು ಕಾಗದ ತೆಗೆಸಿ. 'ವಿಸೂರಾ' ಎಂಬುದು ಇವತ್ತಿನ ಮಾಲೀಕರು ಯಾರು, ಗಾಡಿಯ ಮೇಲೆ ಅಡಮಾನವಿದೆಯೇ, ಸರ್ಕಾರದ ಬಾಕಿಗಾಗಿ ತಡೆ ಹಾಕಿದ್ದಾರೆಯೇ ಎಂದು ತೋರಿಸುತ್ತದೆ. 'ಎಸ್ತ್ರಾತ್ತೊ ಕ್ರೊನೊಲೊಜಿಕೊ' ನಮ್ಮ ಇಸಿಯ ಇಟಾಲಿಯನ್ ಅಣ್ಣ, ನೋಂದಣಿಯಾದ ದಿನದಿಂದ ಪ್ರತಿ ಮಾಲೀಕರ ಹೆಸರು ತಾರೀಖಿನ ಸಮೇತ ಅದರಲ್ಲಿ ಬರುತ್ತದೆ. ಡೀಲರ್ ಕೊಟ್ಟ ಹೆಸರುಗಳನ್ನು ಅದರ ಜೊತೆ ಸಾಲು ಸಾಲಾಗಿ ಹೋಲಿಸಿ. ಇಲ್ಲೊಂದು ತೊಡಕಿದೆ. ದಾಖಲೆ ಹುಡುಕುವುದು ನಂಬರ್ ಪ್ಲೇಟಿನಿಂದ, ಮತ್ತು 1994ರವರೆಗೆ ಪ್ಲೇಟ್ ಆಯಾ ಪ್ರಾಂತ್ಯಕ್ಕೆ ಅಂಟಿಕೊಂಡಿತ್ತು. ಮಾಲೀಕತ್ವ ಬೇರೆ ಪ್ರಾಂತ್ಯಕ್ಕೆ ಹೋದರೆ ನಂಬರೇ ಬದಲಾಗುತ್ತಿತ್ತು. ಹಾಗಾಗಿ 1989ರಲ್ಲಿ ಕೊಟ್ಟ ನಂಬರ್ ಇವತ್ತಿನದ್ದೇ ಎಂದುಕೊಳ್ಳಬೇಡಿ. ನಡುವೆ ಇನ್ನೊಂದು ನಂಬರ್ ಇದ್ದಿದ್ದರೆ ಅದಕ್ಕೂ ಬೇರೆ ಪ್ರತಿ ತೆಗೆಸಬೇಕು. ನೋಂದಣಿ ಎಂದಾದರೂ ರದ್ದಾಗಿತ್ತು ಎಂದು ಕಂಡರೆ ಕಾರಣ ಓದಿ. ತೆರಿಗೆ ಕಟ್ಟದೆ ಕಚೇರಿಯೇ ರದ್ದು ಮಾಡಿದ್ದು ಬೇರೆ, ಗುಜರಿಗೆ ಹಾಕಿದೆವೆಂದು ಬರೆಸಿದ್ದು ಬೇರೆ. ಎರಡನೆಯದಾದರೆ ಅಲ್ಲಿಗೇ ನಿಲ್ಲಿಸಿ.

ಆದರೆ ಈ ಕಾರು ಹೊಸದಾಗಿಯೇ ಅಮೆರಿಕಕ್ಕೆ ಹೋಗಿದೆ. ಪಿಆರ್‌ಎ ಪಾಲಿಗೆ ಅದು ಹುಟ್ಟಿದ್ದೇ 1989ರಲ್ಲಿ.

ಅಮೆರಿಕದಲ್ಲಿ ಕಾಗದ ಯಾಕೆ ಮಾಯವಾಯಿತು ಎನ್ನುವುದಕ್ಕೆ ನಿಗೂಢ ಕಾರಣಗಳೇನಿಲ್ಲ. ಬಿ24 ಸ್ಪೈಡರ್ ಒಟ್ಟು 240 ತಯಾರಾದವು. ಅದರಲ್ಲಿ 181 ಎಡ ಸ್ಟಿಯರಿಂಗಿನವು, 59 ಬಲಗಡೆಯವು. ಕೊನೆಯ ಎಸ್ ಅಕ್ಷರ ಎಡ ಎಂಬರ್ಥದ 'ಸಿನಿಸ್ತ್ರಾ'ದ್ದು, ಸ್ಪೋರ್ಟ್‌ನದ್ದಲ್ಲ. ಇವತ್ತು ಇದು ಅಪರೂಪದ ರತ್ನ. 1965ರ ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿ, ಅಷ್ಟೇ. 2451 ಸಿಸಿ ವಿ6 ಎಂಜಿನ್ನು, ಹಿಂದಿನ ಆಕ್ಸಲ್ ಜೊತೆಗೇ ಕೂತ ಗೇರ್‌ಬಾಕ್ಸು, ಒಳಗೆ ಅಡಗಿದ ಹಿಂಬದಿ ಬ್ರೇಕ್ ಡ್ರಮ್ಮು. ಊರ ಮೆಕ್ಯಾನಿಕ್‌ಗೆ ಇದೆಲ್ಲ ತಲೆನೋವು. ಕೆಟ್ಟರೆ ಗ್ಯಾರೇಜಿನ ಮೂಲೆಗೆ ತಳ್ಳಿ ಮರೆಯುತ್ತಿದ್ದರು, ಕೈಬರಹದ ಚೀಟಿಯಲ್ಲಿ ಮಾರುತ್ತಿದ್ದರು. ಒಡೆತನದ ಪತ್ರ ಕೊಡುವುದು ಅಲ್ಲಿ ಆಯಾ ರಾಜ್ಯದ ಕೆಲಸ, ನಿಯಮವೂ ಬೇರೆ ಬೇರೆ. ನ್ಯೂಯಾರ್ಕ್ ರಾಜ್ಯ 1973ರ ಮಾಡೆಲ್‌ಗಿಂತ ಹಳೆಯ ಗಾಡಿಗಳಿಗೆ ಇವತ್ತಿಗೂ ಟೈಟಲ್ ಕೊಡುವುದಿಲ್ಲ, ನೋಂದಣಿ ಚೀಟಿಯೇ ಎಲ್ಲ. ಬಹಳ ಕಾಲ ಓಡದ ಗಾಡಿಗಳ ದಾಖಲೆಯನ್ನು ಕಚೇರಿಗಳು ಅಳಿಸಿಹಾಕುತ್ತವೆ. ಉಳಿದಿದ್ದರೂ 1994ರ ಖಾಸಗಿತನದ ಕಾನೂನಿನಿಂದಾಗಿ ಹಳೆಯ ಮಾಲೀಕರ ಹೆಸರು ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಖಾಲಿ ಜಾಗ ಇರುವುದೇ ಮೋಸದ ಗುರುತಲ್ಲ. ಅಮೆರಿಕದಿಂದ ಮರಳಿದ ಈ ವಯಸ್ಸಿನ ಕಾರಿಗೆ ಪ್ರತಿ ವರ್ಷದ ಕಾಗದವೂ ನೀಟಾಗಿ ಸಿಕ್ಕಿದರೆ ನಾನು ಆ ಕಾಗದವನ್ನೇ ಇನ್ನೊಮ್ಮೆ ನೋಡುತ್ತೇನೆ.

1989 ಎನ್ನುವ ಇಸವಿಗೂ ಅರ್ಥವಿದೆ. 1980ರ ದಶಕದ ಕೊನೆಯಲ್ಲಿ ಹಳೆಯ ಇಟಾಲಿಯನ್ ಕಾರುಗಳ ಬೆಲೆ ಗಗನಕ್ಕೇರಿತ್ತು. ಅಮೆರಿಕದ ಕೊಟ್ಟಿಗೆಗಳಲ್ಲಿದ್ದವನ್ನೆಲ್ಲ ಹಡಗು ತುಂಬಿ ಯುರೋಪಿಗೆ ತರುತ್ತಿದ್ದರು. 1990ರ ನಂತರ ಬೆಲೆ ಕುಸಿಯಿತು. ಆ ಅವಸರದಲ್ಲಿ ಒಳ್ಳೆಯ ಕಾರುಗಳ ಜೊತೆ ತುಕ್ಕು ಹಿಡಿದ ಅವಶೇಷಗಳೂ ಬಂದವು, ಕೆಲವು ಕಳ್ಳಮಾಲೂ ಬಂದವು. ಫೆರಾರಿ 375 ಪ್ಲಸ್, ಚಾಸಿ 0384 ಎಎಂ, ಇದಕ್ಕೆ ದೊಡ್ಡ ಉದಾಹರಣೆ. 1954ರ ಈ ಫ್ಯಾಕ್ಟರಿ ರೇಸ್ ಕಾರು ಒಹಾಯೊದ ಒಬ್ಬರ ಜಾಗದಲ್ಲಿ ವರ್ಷಗಟ್ಟಲೆ ಬಿದ್ದಿತ್ತು. 1980ರ ದಶಕದ ಕೊನೆಗೆ ಕಳುವಾಗಿ ಬೆಲ್ಜಿಯಂ ಸೇರಿತು. ಕೆಲವು ಬಿಡಿಭಾಗಗಳು ಒಹಾಯೊದಲ್ಲೇ ಉಳಿದವು. ಅಲ್ಲಿಗೆ ಒಂದು ಕಾರಿಗೆ ಎರಡು ಮನೆ. 2013ರಲ್ಲಿ ಎರಡೂ ಕಡೆಯವರು ರಾಜಿಯಾದರು, 2014ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಒಂದು ಕೋಟಿ ಪೌಂಡಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಅಷ್ಟಾದರೂ ಒಡೆತನದ ತಕರಾರು ಮತ್ತೆ ಎದ್ದು ವ್ಯಾಜ್ಯ ಲಂಡನ್ ಹೈಕೋರ್ಟ್ ಮೆಟ್ಟಿಲೇರಿತು.

ಕಾನೂನು ಎಲ್ಲ ಕಡೆ ಒಂದೇ ಅಲ್ಲ, ನಿಮ್ಮ ಅಪಾಯದ ಲೆಕ್ಕ ಇಲ್ಲೇ ಇದೆ. ಇಟಲಿಯ ಸಿವಿಲ್ ಸಂಹಿತೆಯ 1162ನೇ ವಿಧಿಯ ಪ್ರಕಾರ, ಒಳ್ಳೆಯ ನಂಬಿಕೆಯಿಂದ, ಸರಿಯಾದ ಪತ್ರದ ಮೂಲಕ ಕೊಂಡು ನೋಂದಣಿ ಮಾಡಿಸಿದವರಿಗೆ ಮೂರು ವರ್ಷದಲ್ಲಿ, ಉಳಿದಂತೆ ಹತ್ತು ವರ್ಷದಲ್ಲಿ ಅನುಭವದ ಬಲದಿಂದ ಒಡೆತನ ಬರುತ್ತದೆ. 1989ರಿಂದ ಮೂವರ ಕೈ ದಾಟಿದ ಕಾರಿಗೆ ಇಟಲಿಯೊಳಗೆ ಇದು ಗಟ್ಟಿ ನೆಲ. ಜರ್ಮನಿಯಲ್ಲಿ ಕಳುವಾದ ವಸ್ತುವನ್ನು ಒಳ್ಳೆಯ ನಂಬಿಕೆಯಿಂದ ಕೊಂಡರೂ ಒಡೆತನ ತಕ್ಷಣಕ್ಕೆ ಬರುವುದಿಲ್ಲ, ಅದೇ ನಂಬಿಕೆಯಲ್ಲಿ ಹತ್ತು ವರ್ಷ ಇಟ್ಟುಕೊಂಡಿರಬೇಕು. ಅಮೆರಿಕದಲ್ಲಿ ಮೂಲ ತತ್ವ ಇನ್ನೂ ಕಠಿಣ: ಕಳ್ಳನಿಂದ ಕೈಬದಲಾದ ಮಾಲಿಗೆ ಒಡೆತನ ಹುಟ್ಟುವುದೇ ಇಲ್ಲ. ಮ್ಯೂನಿಕ್‌ನಲ್ಲಿ ನೆಮ್ಮದಿಯಾಗಿ ಓಡಿಸಿದ ಕಾರನ್ನು ಮುಂದೊಮ್ಮೆ ಕ್ಯಾಲಿಫೋರ್ನಿಯಾದ ಪ್ರದರ್ಶನಕ್ಕೆ ಕಳಿಸಿದ ದಿನವೇ ಯಾರದೋ ಮೊಮ್ಮಕ್ಕಳ ವಕೀಲರು ಬಂದು ನಿಲ್ಲಬಹುದು. ಅಪರೂಪದ ಮಾತು, ನಿಜ. ಆದರೆ ಮುಂದೆ ನಿಮ್ಮಿಂದ ಕೊಳ್ಳುವ ಅಮೆರಿಕನ್ನರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ.

ಹಾಗಾದರೆ 1989ರ ಕೊಂಡಿಯನ್ನು ಹುಡುಕುವುದು ಹೇಗೆ? ಅಮೆರಿಕದಿಂದ ತಂದ ಗಾಡಿಗೆ ಸುಂಕ ಕಚೇರಿಯ ಕಾಗದ ಇರಲೇಬೇಕು. ಇಟಾಲಿಯನ್ನರು 'ಬೊಲ್ಲಾ ದೊಗನಾಲೆ' ಅನ್ನುತ್ತಾರೆ. ಆಮದು ಮಾಡಿದವರು, ಯಾವ ಬಂದರು, ಯಾವ ತಾರೀಖು ಅದರಿಂದ ತಿಳಿಯುತ್ತದೆ. ನೋಂದಣಿಗೆ ಅರ್ಜಿ ಹಾಕಿದಾಗ ಅಮೆರಿಕದ ಟೈಟಲ್ ಅಥವಾ ಮಾರಾಟ ಪತ್ರವನ್ನೂ ಲಗತ್ತಿಸಿರುತ್ತಾರೆ. ಇಟಲಿಯ ಯಾವ ಊರಿನಲ್ಲೂ ವಾಹನದ ಕಾಗದ ಮಾಡಿಸಿಕೊಡುವ ಏಜೆನ್ಸಿಗಳಿವೆ. ಅಂಥವರಿಗೆ ಕೆಲಸ ಒಪ್ಪಿಸಿ, ಪಿಆರ್‌ಎ ಮತ್ತು ಸಾರಿಗೆ ಕಚೇರಿಯಾದ ಮೊತೊರಿಜ್ಜಾತ್ಸಿಯೋನೆ ಎರಡರಲ್ಲೂ ಆ ಕಡತ ಕೇಳಿಸಿ. ಟೈಟಲ್ ಸಿಕ್ಕರೆ ರಾಜ್ಯ, ನಂಬರ್, ಕೊನೆಯ ಅಮೆರಿಕನ್ ಮಾಲೀಕರ ಹೆಸರು ಕೈಗೆ ಬಂದವು. ಅಲ್ಲಿಂದ ಹಿಂದಕ್ಕೆ, 1961ರಿಂದ ಮುಂದಕ್ಕೆ, ಎರಡೂ ಕಡೆಯಿಂದ ಸುರಂಗ ಕೊರೆಯಬಹುದು. ಲಾಂಚಾ ಕ್ಲಬ್ಬುಗಳ ಹಳೆಯ ಸದಸ್ಯರ ಪಟ್ಟಿ, ಆ ಕಾಲದ ಕಾರು ಪತ್ರಿಕೆಗಳ ಕಿರು ಜಾಹೀರಾತು, ಪ್ರದರ್ಶನಗಳ ಕಾರ್ಯಕ್ರಮ ಪಟ್ಟಿ, ಸರ್ವೀಸ್ ಬಿಲ್ಲು, ಹಳೆಯ ಫೋಟೊ. ಫೋಟೊದಲ್ಲಿ ನಂಬರ್ ಪ್ಲೇಟಿನ ಬಣ್ಣವೇ ಕಾಲ ಹೇಳುತ್ತದೆ: ಕ್ಯಾಲಿಫೋರ್ನಿಯಾದಲ್ಲಿ 1956ರಿಂದ ಹಳದಿಯ ಮೇಲೆ ಕಪ್ಪು ಅಕ್ಷರ, 1963ರಿಂದ ಕಪ್ಪಿನ ಮೇಲೆ ಹಳದಿ.

1961ರ ಜೆರಾಕ್ಸನ್ನು ಹಾಗೇ ನಂಬಬೇಡಿ, ಮೂಲ ಪ್ರತಿ ಕೇಳಿ. ವಿಳಾಸದ ಕೊನೆಯಲ್ಲಿ ಐದಂಕಿಯ ಜಿಪ್ ಕೋಡ್ ಇದ್ದರೆ ಆಟ ಮುಗಿಯಿತು, ಅಮೆರಿಕದಲ್ಲಿ ಆ ಕೋಡ್ ಶುರುವಾದದ್ದು 1963ರ ಜುಲೈಯಲ್ಲಿ. ಕಾಗದಗಳು ಈಗ ದಿಢೀರನೆ "ಸಿಕ್ಕಲು" ಶುರುವಾದರೆ ಇನ್ನೂ ಎಚ್ಚರ. 1950ರ ದಶಕದ್ದು ಎನ್ನುವ ಪತ್ರದಲ್ಲಿ ಈ ಕಾರಿನ ಬಾಡಿ ಕಟ್ಟಿದ ಕಂಪನಿಯ ಹೆಸರು ಪಿನಿನ್‌ಫರೀನಾ ಎಂದು ಒಂದೇ ಪದವಾಗಿ ಅಚ್ಚಾಗಿದ್ದರೆ ಅನುಮಾನಿಸಿ. 1961ರವರೆಗೆ ಅದು ಪಿನಿನ್ ಫರೀನಾ, ಎರಡು ಪದ. ಇಟಾಲಿಯನ್ ವಿಳಾಸದಲ್ಲಿ ಐದಂಕಿಯ ಅಂಚೆ ಸಂಖ್ಯೆ ಬಂದದ್ದು 1967ರಲ್ಲಿ, ಜರ್ಮನಿಯಲ್ಲಿ 1993ರಲ್ಲಿ. ನಕಲಿ ಮಾಡುವವರು ಲೆಟರ್‌ಹೆಡ್ ಚೆನ್ನಾಗಿಯೇ ಮಾಡುತ್ತಾರೆ, ಎಡವುವುದು ಇಂಥ ಕಡೆ.

ಇನ್ನು ಲೋಹ. ಎಂಜಿನ್ ಕೋಣೆಯಲ್ಲಿ ಅಂಟಿಸಿದ ಲೋಹದ ಪಟ್ಟಿ ಪುರಾವೆಯಲ್ಲ, ಹೊಸ ಪಟ್ಟಿಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ನೋಡಬೇಕಾದ್ದು ಬಾಡಿಗೆ ಗುದ್ದಿದ ನಂಬರ್. ಔರೇಲಿಯಾದಲ್ಲಿ ಚಾಸಿ ಮತ್ತು ಬಾಡಿ ಒಂದೇ ರಚನೆ. ಹಾಗಾಗಿ ನಂಬರ್ ಇರುವ ತಗಡನ್ನು ಬೇರೆ ಕಾರಿನಿಂದ ಕತ್ತರಿಸಿ ತಂದು ಬೆಸೆದರೆ ಗುರುತೇ ಸ್ಥಳಾಂತರವಾದಂತೆ. ಬಣ್ಣದ ಕೆಳಗಿನ ಬೆಸುಗೆ, ಉಜ್ಜಿ ತೆಳುವಾದ ತಗಡು, ಅಳಿಸಿ ಮತ್ತೆ ಗುದ್ದಿದ ಅಂಕಿ, ಇವನ್ನು ಉಕ್ಕಿನ ಮೇಲೆ ಮ್ಯಾಗ್ನೆಟೊ ಆಪ್ಟಿಕಲ್ ಉಪಕರಣದಿಂದ ಬಣ್ಣ ಕೀಳದೆಯೇ ಕಾಣಬಹುದು. ದಪ್ಪ ಅಳೆಯಲು ಅಲ್ಟ್ರಾಸಾನಿಕ್ ಗೇಜ್ ಸಾಕು. ಅಂಕಿಗಳ ಆಕಾರ, ಎತ್ತರ, ನಡುವಣ ಅಂತರವನ್ನು ಸರಣಿಯಲ್ಲಿ ಹತ್ತಿರದ ನಂಬರಿನ ಇನ್ನೊಂದು ಕಾರಿನ ಫೋಟೊ ಜೊತೆ ಹೋಲಿಸಿ.

ಇದಕ್ಕಿಂತ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ, ಇದು ಹುಟ್ಟಾ ಸ್ಪೈಡರೇ ಎನ್ನುವುದು. 1956ರಿಂದ 1958ರವರೆಗೆ ಬಂದ ಬಿ24 ಕನ್ವರ್ಟಿಬಲ್ 521 ತಯಾರಾದವು, ಬೆಲೆ ಸ್ಪೈಡರ್‌ಗಿಂತ ಬಹಳ ಕಡಿಮೆ. ಸ್ಪೈಡರ್‌ಗೆ ಸುತ್ತಿ ಬಾಗಿದ ಗಾಜು, ಬಾಗಿಲಿಗೆ ಹೊರಗೆ ಹಿಡಿಯಿಲ್ಲ, ಇಳಿಸುವ ಕಿಟಕಿಯಿಲ್ಲ. ಕನ್ವರ್ಟಿಬಲ್‌ಗೆ ನೇರ ಗಾಜು, ಹಿಡಿ, ಕಿಟಕಿ ಎಲ್ಲ ಇವೆ. ಒಂದನ್ನು ಇನ್ನೊಂದು ಮಾಡಲು ಗಾಜಿನ ಬುಡ, ಡ್ಯಾಶ್ ಮುಂದಿನ ತಗಡು, ಬಾಗಿಲು ಎಲ್ಲ ಮುಟ್ಟಬೇಕು, ಗಾಯದ ಗುರುತು ಅಲ್ಲೇ ಉಳಿಯುತ್ತದೆ. ಕಂಪನಿಯ ಸರ್ಟಿಫಿಕೇಟಿನಲ್ಲಿ ಬಾಡಿ ಮಾದರಿ ಏನೆಂದು ಬರೆದಿದೆ ನೋಡಿ. ಪಿನಿನ್ ಫರೀನಾದಂಥ ಬಾಡಿ ಕಟ್ಟುವವರು ತಮ್ಮದೇ ನಂಬರನ್ನು ಬಾನೆಟ್, ಬಾಗಿಲು, ಒಳಗಿನ ಸಣ್ಣ ತುಣುಕುಗಳ ಹಿಂಬದಿಗೂ ಹಾಕುತ್ತಿದ್ದರು. ಅವು ಒಂದಕ್ಕೊಂದು ತಾಳೆಯಾದರೆ ನನಗೆ ನಾಲ್ಕು ಸರ್ಟಿಫಿಕೇಟಿಗಿಂತ ಹೆಚ್ಚು ಸಮಾಧಾನ.

ಎಂಜಿನ್ ವಿಷಯದಲ್ಲಿ ಫೆರಾರಿಯ ನಿಯಮವನ್ನು ಲಾಂಚಾಕ್ಕೆ ಹಚ್ಚಬೇಡಿ. ಆ ಕಾಲದ ರಸ್ತೆ ಫೆರಾರಿಗಳಲ್ಲಿ ಎಂಜಿನ್ ಮೇಲೂ ಚಾಸಿ ನಂಬರೇ ಇರುತ್ತಿತ್ತು. ಲಾಂಚಾದಲ್ಲಿ ಎರಡಕ್ಕೂ ಬೇರೆ ಬೇರೆ ಸರಣಿ. ಹೊಂದಿಕೆ ಎಂದರೆ ಎಂಜಿನ್ ನಂಬರ್ ಕಂಪನಿಯ ದಾಖಲೆಯಲ್ಲಿರುವುದರ ಜೊತೆ ಹೊಂದುವುದು. ನಿಮ್ಮದು ಹೊಂದಿಲ್ಲ. "ಅದೇ ಮಾದರಿಯದು" ಎನ್ನುವುದು ಓಡಿಸಲು ಸಾಕು, ಬೆಲೆಗೆ ಸಾಲದು. ಮೂಲ ಎಂಜಿನ್ ಎಲ್ಲಿದೆ, ಯಾರದ್ದು ಎಂದು ಲಿಖಿತವಾಗಿ ಕೇಳಿ. ಸುಮಾರು 4.4 ಕೋಟಿ ಡಾಲರಿನ ಒಂದು ಫೆರಾರಿ 250 ಜಿಟಿಒ ಕೈಬದಲಾದಾಗ ಅದರ ಮೂಲ ಗೇರ್‌ಬಾಕ್ಸ್ ಯಾರು ತಂದುಕೊಡಬೇಕು ಎಂಬ ಜಗಳ 2020ರಲ್ಲಿ ಲಂಡನ್ ಕೋರ್ಟ್ ತೀರ್ಪಿನವರೆಗೆ ಹೋಯಿತು. ಇನ್ನೊಂದು ಮಾತು, ಎರಡನೇ ಭೇಟಿಯ ಹೊತ್ತಿಗೆ ಎಂಜಿನ್ ನಂಬರ್ ಪವಾಡದಂತೆ "ಸರಿ" ಕಂಡರೆ ಹಿಂದೆ ನೀವು ತೆಗೆದ ಫೋಟೊ ತೋರಿಸಿ ಹೊರಟುಬಿಡಿ. ಬ್ಲಾಕ್ ಅಲ್ಯೂಮಿನಿಯಂ, ಅರದಲ್ಲಿ ಉಜ್ಜಿ ಬೇರೆ ಅಂಕಿ ಗುದ್ದುವುದು ಅರ್ಧ ಗಂಟೆಯ ಕೆಲಸ.

ನಟಿಯ ಕಥೆಗೆ ಹೆಚ್ಚು ಹೊತ್ತು ಬೇಡ. ಪ್ರಸಿದ್ಧರ ಹೆಸರು ಬೆಲೆ ಏರಿಸುವುದು ನಿಜ. ನಟ ಅಲೆನ್ ಡೆಲಾನ್ ಬಳಿಯಿದ್ದ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಸುಮಾರು 1.63 ಕೋಟಿ ಯೂರೊಗೆ ಹೋಯಿತು. ಆದರೆ ಆ ಕಾರಿನಲ್ಲಿ ಆತ ಕೂತ ಆ ಕಾಲದ ಫೋಟೊಗಳಿದ್ದವು. ನಿಮಗೆ ಸಿಕ್ಕಿರುವುದು ಮಾತು ಮಾತ್ರ. ಅದಕ್ಕೆ ಒಂದು ಯೂರೊ ಕೂಡ ಕೊಡಬೇಡಿ.

ಈಗ ನಿಮ್ಮ ಮುಂದಿನ ದಾರಿಗಳು. ಷರತ್ತಿನ ಮೇಲೆ ಕೊಳ್ಳುವುದು ನನಗೆ ಒಪ್ಪಿಗೆಯಾಗುವ ಒಂದೇ ದಾರಿ. ಮುಂಗಡ ಡೀಲರ್ ಖಾತೆಗೆ ಹೋಗಬಾರದು, ಷರತ್ತು ಈಡೇರುವವರೆಗೆ ಹಣ ಹಿಡಿದಿಡುವ ವಕೀಲರ ಎಸ್ಕ್ರೋ ಖಾತೆಯಲ್ಲಿರಲಿ. 1989ರ ಆಮದು ಕಾಗದ ಮತ್ತು ಅದರ ಹಿಂದಿನ ಟೈಟಲ್ 60 ದಿನದೊಳಗೆ ಬರದಿದ್ದರೆ, ಇಲ್ಲವೇ ನಂಬರಿನ ತಪಾಸಣೆಯಲ್ಲಿ ದೋಷ ಕಂಡರೆ ಪೂರ್ತಿ ಹಣ ವಾಪಸ್ ಎಂದು ಬರೆಸಿ. ಸಹಿ ಪಿಆರ್‌ಎಯಲ್ಲಿ ಹೆಸರಿರುವ ಮಾಲೀಕರದ್ದೇ ಆಗಿರಬೇಕು. ಡೀಲರ್ ಬರೀ ಮಧ್ಯವರ್ತಿ, ನಾಳೆ ತಕರಾರು ಬಂದರೆ "ನಾನು ಮಾರಿದವನಲ್ಲ" ಎಂದು ಕೈ ತೊಳೆದುಕೊಳ್ಳಬಹುದು. ಬೇರೆಯವರು ಹಕ್ಕು ಸಾಧಿಸಿ ಕಾರು ಕೈತಪ್ಪಿದರೆ ಮಾರಿದವರು ಹೊಣೆ ಎನ್ನುವುದು ಇಟಲಿಯ ಸಂಹಿತೆಯ 1483ನೇ ವಿಧಿಯಲ್ಲಿದೆ. ಅದನ್ನು ಒಪ್ಪಂದದಲ್ಲಿ ತೆಗೆದುಹಾಕುವ ಸಾಲು ನುಸುಳಿದೆಯೇ ಎಂದು ನಿಮ್ಮ ವಕೀಲರು ನೋಡಲಿ. ಇಟಲಿಯ ಗೃಹ ಸಚಿವಾಲಯದ ಕಳವು ವಾಹನಗಳ ಪಟ್ಟಿಯಲ್ಲಿ ಚಾಸಿ ನಂಬರ್ ಹಾಕಿ ಯಾರು ಬೇಕಾದರೂ ಹುಡುಕಬಹುದು. ಇಂಟರ್‌ಪೋಲ್ ಪಟ್ಟಿ ಪೊಲೀಸರ ಮೂಲಕ ಮಾತ್ರ. ಕಳುವಾದ ಕಲಾಕೃತಿ, ಬೆಲೆಬಾಳುವ ವಸ್ತುಗಳ ಖಾಸಗಿ ಪಟ್ಟಿಯಾದ ಆರ್ಟ್ ಲಾಸ್ ರಿಜಿಸ್ಟರ್ ಶುಲ್ಕ ಪಡೆದು ತಪಾಸಣೆ ಮಾಡಿಕೊಡುತ್ತದೆ. ಕಾರು ಪಟ್ಟಿಯಲ್ಲಿಲ್ಲ ಎಂದರೆ ಯಾರೂ ಅಲ್ಲಿ ದೂರು ದಾಖಲಿಸಿಲ್ಲ ಎಂದಷ್ಟೇ ಅರ್ಥ. 375 ಪ್ಲಸ್‌ನಂಥ ಹಳೆಯ ಕಳವುಗಳೆಲ್ಲ ಕಂಪ್ಯೂಟರಿಗೆ ಹತ್ತಿವೆ ಎಂದು ತಿಳಿಯಬೇಡಿ.

ಖಾಲಿ ಜಾಗವನ್ನೂ ಬೇರೆ ಎಂಜಿನ್ನನ್ನೂ ಒಪ್ಪಿಕೊಂಡು ಅದಕ್ಕೆ ತಕ್ಕ ಕಡಿಮೆ ಬೆಲೆಗೆ ಕೊಳ್ಳುವವರೂ ಇದ್ದಾರೆ. ಓಡಿಸಲು, ಯುರೋಪಿನಲ್ಲೇ ಇಟ್ಟುಕೊಳ್ಳಲು ಅದು ಕೆಟ್ಟ ಲೆಕ್ಕವಲ್ಲ, 1989ರ ಕಾಗದ ಇದ್ದರೆ. ಮಾರುವಾಗ ನಿಮಗೂ ಅದೇ ಕಡಿತ ಕಾದಿರುತ್ತದೆ. ಮೂರನೆಯದು, ಇದನ್ನು ಬಿಟ್ಟು ಚೊಕ್ಕ ಫೈಲಿನ ಕನ್ವರ್ಟಿಬಲ್ ಕೊಳ್ಳುವುದು. ಎಂಜಿನ್ ಮೂಲತಃ ಅದೇ ವಿ6, ಮಳೆ ಬಂದರೆ ಕಿಟಕಿಯೂ ಏರುತ್ತದೆ.

ಡೀಲರ್ "ಇಟಲಿಯಿಂದ ಹೊರಗೆ ಕಳಿಸಲು ಆಮೇಲೆ ತೊಂದರೆ, ಬೇಗ ಮಾಡಿ" ಎಂದರೆ ಅದರಲ್ಲಿ ಅರ್ಧ ಸತ್ಯವಿದೆ. 75 ವರ್ಷ ದಾಟಿದ ವಾಹನಗಳು ಅಲ್ಲಿನ ಸಾಂಸ್ಕೃತಿಕ ಸ್ವತ್ತಿನ ಕಾನೂನಿನ ವ್ಯಾಪ್ತಿಗೆ ಬರುತ್ತವೆ, ಹೊರಗೊಯ್ಯಲು ಅನುಮತಿ ಬೇಕಾಗುತ್ತದೆ. 1955ರ ಕಾರಿಗೆ ಆ ಗೆರೆ 2030. ಹತ್ತು ದಿನದ ಗಡುವಿಗೆ ಅದು ಕಾರಣವಾಗದು. ವಿಸೂರಾ ಕೂಡಲೇ ಸಿಗುತ್ತದೆ, ಹಳೆಯ ಕಡತಕ್ಕೆ ವಾರಗಳು ಹಿಡಿಯುತ್ತವೆ. ಇವತ್ತೇ ಡೀಲರ್‌ಗೆ ಪತ್ರ ಬರೆದು ನಾಲ್ಕೇ ವಿಷಯ ಕೇಳಿ: ಕಾರಿಗೆ ಇದುವರೆಗೆ ಬಂದ ಎಲ್ಲ ಇಟಾಲಿಯನ್ ನಂಬರ್‌ಗಳು, 1989ರ ಸುಂಕದ ಕಾಗದ, 1961ರ ಬಿಲ್ಲಿನ ಮೂಲ, ನಂಬರ್ ಗುದ್ದಿದ ಜಾಗವನ್ನು ನಿಮ್ಮ ತಜ್ಞರು ಪರೀಕ್ಷಿಸಲು ಒಪ್ಪಿಗೆ. ಕೊನೆಯದಕ್ಕೆ ಒಪ್ಪದಿದ್ದರೆ ಉಳಿದ ಮೂರರ ಉತ್ತರಕ್ಕೆ ಕಾಯಬೇಡಿ.